ತಮಟೆ ನಮ್ಮ ಕೈಲಿ, ಮಾತು ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಹಿರಿಯ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ. ಕೇಳಿ ಬರೆದುಕೊಂಡಂತೆ ಇಲ್ಲಿ ಕೊಟ್ಟಿದೆ.)

ಈ ಶಿಬಿರದಲ್ಲಿ ನನಗೆ ಕೊಟ್ಟಿರೋ ವಿಷಯ 'ಪ್ರಜಾಪ್ರಭುತ್ವದಲ್ಲಿ ಸರ್ಕಾರದ ಪ್ರಚಾರ'. ವಿಷಯ ದೊಡ್ಡದು. ಆದರೆ ನಾನು ದೊಡ್ಡ ಪುಸ್ತಕದಿಂದ ಶುರು ಮಾಡೋದಿಲ್ಲ. ನಮ್ಮ ತಾತನ ತಮಟೆಯಿಂದ ಶುರು ಮಾಡ್ತೀನಿ.

ನಮ್ಮ ತಾತ ಊರಿನ ಕುಳವಾಡಿ. ಕೆರೆ ತೂಬು ಎತ್ತುವ ದಿನ, ಕಂದಾಯ ಕಟ್ಟುವ ಗಡುವು, ಮಾರಿಹಬ್ಬಕ್ಕೆ ಸಾರು ಹಾಕುವುದು, ಏನೇ ಇದ್ದರೂ ಪಟೇಲರ ಜಗಲಿಯಿಂದ ಕರೆ ಬರೋದು. ಕಾನೂನಿನಲ್ಲಿ ಪಟೇಲಿಕೆ ಹೋಗಿತ್ತು, ಊರಲ್ಲಿ ಜಗಲಿ ಹೋಗಿರಲಿಲ್ಲ. ತಾತ ಜಗಲಿಯ ಕೆಳಗೆ ನಿಂತು ಮಾತು ಕೇಳಿಸಿಕೊಂಡು, ಬೀದಿಬೀದಿಯಲ್ಲಿ ತಮಟೆ ಬಡಿದು ಸಾರಿ ಬರೋನು. ಸುಗ್ಗಿಯಲ್ಲಿ ಅದಕ್ಕೆ ಒಂದಿಷ್ಟು ರಾಗಿ.

ಒಂದು ವರ್ಷ ಪಟೇಲರು ಹೀಗೆ ಸಾರಿಸಿದರು: ಗೋಮಾಳಕ್ಕೆ ಯಾರೂ ದನ ಬಿಡಕೂಡದು, ಬಿಟ್ಟರೆ ದಂಡ. ಊರ ಒಳ್ಳೇದಕ್ಕೆ ಅಂದರು. ಗೋಮಾಳ ಬಿಟ್ಟರೆ ಬೇರೆ ಹುಲ್ಲಿಲ್ಲದವರು ಯಾರು? ನಮ್ಮ ಕೇರಿಯವರು. ನಮ್ಮ ಮನೇಲೂ ಎರಡು ಎಮ್ಮೆ ಇದ್ದವು. ತಾತ ತನ್ನ ಎಮ್ಮೆಯ ಬಾಯಿಗೆ ತಾನೇ ಬೀಗ ಹಾಕಿ, ಊರೆಲ್ಲ ಸಾರಿ, ಮನೆಗೆ ಬಂದು ತಮಟೆ ಗೂಟಕ್ಕೆ ನೇತುಹಾಕಿದ. ಅಜ್ಜಿ ಕೇಳಿದಳು: 'ಸಾರೋಕೆ ಮುಂಚೆ, ಇದು ಯಾಕೆ ಸ್ವಾಮಿ ಅಂತ ಒಂದು ಮಾತು ಕೇಳಬಾರದಾಗಿತ್ತಾ?' ತಾತ ಅಂದ: 'ನಂದು ಬಡಿಯೋ ಕೆಲಸ ಕಣೆ.'

ಗೆಳೆಯರೇ, ನಾನು ಇವತ್ತು ಹೇಳಬೇಕಾದ್ದು ಇಷ್ಟೇ. ಸರ್ಕಾರದ ಪ್ರಚಾರ ಅಂದರೆ ಬರೀ ಸುಳ್ಳು ಅಂತ ತಿಳಿಯಬೇಡಿ. ಸುಳ್ಳಾದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೆ. ಪ್ರಜಾಪ್ರಭುತ್ವದ ಪ್ರಚಾರ ಬೇರೆ ಥರ. ಅದು ಜನ ನಂಬುವ ಬಾಯಿಗಳನ್ನು ಹುಡುಕುತ್ತೆ. ನಮ್ಮವರ ಬಾಯಲ್ಲೇ ತನ್ನ ಮಾತು ಆಡಿಸುತ್ತೆ. ತಮಟೆ ನಮ್ಮ ಕೈಲಿರುತ್ತೆ, ಮಾತು ಜಗಲಿಯದಾಗಿರುತ್ತೆ.

ಪ್ರಜಾಪ್ರಭುತ್ವಕ್ಕೆ ಇದು ಯಾಕೆ ಬೇಕು? ರಾಜನಿಗೆ ಪ್ರಜೆಯ ಒಪ್ಪಿಗೆ ಬೇಕಿರಲಿಲ್ಲ, ಚಾಟಿ ಸಾಕಾಗಿತ್ತು. ಓಟಿನಿಂದ ಬಂದ ಸರ್ಕಾರಕ್ಕೆ ಒಪ್ಪಿಗೆ ಬೇಕು. ಒಪ್ಪಿಗೆ ಪಡೆಯೋಕೆ ಎರಡು ದಾರಿ. ಒಂದು, ಜನಕ್ಕೆ ಬೇಕಾದ್ದನ್ನು ಮಾಡುವುದು. ಇನ್ನೊಂದು, ತಾನು ಮಾಡಿದ್ದೇ ಜನಕ್ಕೆ ಬೇಕಾಗಿತ್ತು ಅನ್ನಿಸುವುದು. ಎರಡನೇದಕ್ಕೆ ಒಂದು ದೊಡ್ಡ ಕಾರ್ಖಾನೆಯನ್ನೇ ಕಟ್ಟಿದ ದೇಶ ಅಮೆರಿಕ. ಆ ಕತೆಯನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಯಾಕಂದರೆ ಅದರೊಳಗೆ ನಮ್ಮಂಥವರ ಕತೆಯೂ ಇದೆ.

1916ರ ನವೆಂಬರಿನಲ್ಲಿ ವುಡ್ರೊ ವಿಲ್ಸನ್ ಎರಡನೇ ಸಲ ಅಮೆರಿಕದ ಅಧ್ಯಕ್ಷನಾಗಿ ಗೆದ್ದ. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೀತಿತ್ತು. ವಿಲ್ಸನ್ ನಮ್ಮನ್ನು ಯುದ್ಧದಿಂದ ದೂರ ಇಟ್ಟಿದ್ದಾನೆ ಅನ್ನೋದೇ ಅವನ ಕಡೆಯವರ ಘೋಷಣೆ. ಅದನ್ನು ನಂಬಿ ಓಟು ಹಾಕಿದವರು ಬಹಳ ಮಂದಿ. ಗೆದ್ದು ಐದು ತಿಂಗಳಾಗಿತ್ತು. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕೆ ಇಳಿಯಿತು. ಪ್ರಪಂಚದಲ್ಲಿ ಪ್ರಜಾಪ್ರಭುತ್ವ ಉಳಿಸೋಕೆ ಈ ಯುದ್ಧ ಅಂದ ವಿಲ್ಸನ್. ಯುದ್ಧ ಬೇಡ ಅಂತ ಓಟು ಹಾಕಿದ ಜನರನ್ನು ಯುದ್ಧ ಬೇಕು ಅನ್ನುವಂತೆ ಮಾಡಬೇಕಿತ್ತು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಸಾರ್ವಜನಿಕ ಮಾಹಿತಿ ಸಮಿತಿ ಅಂತ ಒಂದನ್ನು ಮಾಡಿದರು. ಹೆಸರು ನೋಡಿ: ಪ್ರಚಾರ ಅನ್ನಲಿಲ್ಲ, ಮಾಹಿತಿ ಅಂದರು. ಜಾರ್ಜ್ ಕ್ರೀಲ್ ಅನ್ನೋ ಪತ್ರಕರ್ತ ಅದರ ಮುಖ್ಯಸ್ಥ.

ಕ್ರೀಲ್ ಬುದ್ಧಿವಂತ. ಪೇಪರುಗಳ ಬಾಯಿ ಕಟ್ಟುವುದಕ್ಕಿಂತ ಬಾಯಿ ತುಂಬಿಸುವುದು ಮೇಲು ಅಂತ ಅವನಿಗೆ ಗೊತ್ತಿತ್ತು. ಸಮಿತಿಯಿಂದ ದಿನಾ ಸುದ್ದಿ ಬರೆದು ಕಳಿಸೋರು. ಪೇಪರಿನವರಿಗೆ ಅದು ಪುಕ್ಕಟೆ. ತಮ್ಮ ವರದಿಗಾರನನ್ನು ಕಳಿಸೋ ಖರ್ಚಿಲ್ಲ. ಬಂದದ್ದನ್ನು ಬಂದ ಹಾಗೇ ಅಚ್ಚು ಹಾಕಿದರು. ಓದೋರಿಗೆ ಅದು ತಮ್ಮೂರ ಪೇಪರಿನ ಸುದ್ದಿ.

ಚಿತ್ರಕಾರರನ್ನು ಕರೆದು ಪೋಸ್ಟರು ಬರೆಸಿದರು. ಬಿಳಿ ಗಡ್ಡದ ಒಬ್ಬ ಮುದುಕ ಟೋಪಿ ಹಾಕಿಕೊಂಡು ನೋಡುವವನ ಕಡೆಗೇ ಬೆರಳು ತೋರಿಸುವ ಚಿತ್ರ ನೀವು ಕಂಡಿರಬಹುದು. ಸೈನ್ಯಕ್ಕೆ ಜನ ಸೇರಿಸೋಕೆ ಅದನ್ನು 40 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿದರು. ಶತ್ರುವನ್ನು ಮನುಷ್ಯನ ಹಾಗೆ ಬರೆಯದೆ ರಾಕ್ಷಸನ ಹಾಗೆ, ಗೊರಿಲ್ಲಾದ ಹಾಗೆ ಬರೆದ ಪೋಸ್ಟರೂ ಬಂದವು.

ಆದರೆ ಕ್ರೀಲನ ದೊಡ್ಡ ಉಪಾಯ ಪೋಸ್ಟರಲ್ಲ. ಆಗ ಟಾಕೀಸುಗಳಲ್ಲಿ ಒಂದು ರೀಲು ಮುಗಿದು ಇನ್ನೊಂದು ರೀಲು ಹಾಕೋಕೆ ಸುಮಾರು ನಾಲ್ಕು ನಿಮಿಷ ಬೇಕಿತ್ತು. ಆ ನಾಲ್ಕು ನಿಮಿಷದಲ್ಲಿ ಒಬ್ಬ ಎದ್ದು ನಿಂತು ಯುದ್ಧದ ಪರವಾಗಿ ಮಾತಾಡಬೇಕು. ಇವರನ್ನು ನಾಲ್ಕು ನಿಮಿಷದವರು ಅಂತಲೇ ಕರೆದರು. ದೇಶದಾದ್ಯಂತ ಸುಮಾರು 75,000 ಮಂದಿ. ಸಂಬಳ ಇಲ್ಲ, ಎಲ್ಲಾ ಸ್ವಯಂಸೇವಕರು. ಒಟ್ಟು 7 ಲಕ್ಷಕ್ಕೂ ಹೆಚ್ಚು ಭಾಷಣ ಮಾಡಿದರು. ಯಾರಿವರು? ಆಯಾ ಊರಿನ ವಕೀಲ, ಮೇಷ್ಟ್ರು, ವ್ಯಾಪಾರಿ, ಪಾದ್ರಿ. ಎದುರು ಕೂತವರಿಗೆ ಪರಿಚಯದ ಮುಖ. ಏನು ಮಾತಾಡಬೇಕು ಅನ್ನೋ ಸೂಚನೆ ವಾಷಿಂಗ್ಟನ್ನಿಂದ ಅಚ್ಚಾಗಿ ಬರೋದು. ಬಾಯಿ ಊರಿನದು, ಮಾತು ರಾಜಧಾನಿಯದು. ಈಗ ನಮ್ಮ ತಾತ ನೆನಪಾದನಾ?

ಇದು ಒಂದು ಕೈ. ಇನ್ನೊಂದು ಕೈಯಲ್ಲಿ ದೊಣ್ಣೆ ಇತ್ತು. 1917ರಲ್ಲಿ ಬೇಹುಗಾರಿಕೆ ಕಾಯಿದೆ, 1918ರಲ್ಲಿ ರಾಜದ್ರೋಹ ಕಾಯಿದೆ. ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್ 1918ರ ಜೂನಿನಲ್ಲಿ ಓಹಾಯೊ ರಾಜ್ಯದ ಕ್ಯಾಂಟನ್ ಊರಲ್ಲಿ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ. ಒಂದು ಭಾಷಣಕ್ಕೆ ಹತ್ತು ವರ್ಷ ಜೈಲು. 1920ರಲ್ಲಿ ಜೈಲಿನಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಂತ; 9 ಲಕ್ಷಕ್ಕೂ ಹೆಚ್ಚು ಜನ ಅವನಿಗೆ ಓಟು ಹಾಕಿದರು. ಅಲ್ಲಿಯ ಜನ ಎಲ್ಲರೂ ಕುರಿಗಳಾಗಿರಲಿಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ.

ಆದರೆ ದ್ವೇಷ ಹತ್ತಿಕೊಂಡಿತ್ತು. ಬಹಳ ಶಾಲೆಗಳಲ್ಲಿ ಜರ್ಮನ್ ಭಾಷೆ ಕಲಿಸೋದು ನಿಂತಿತು. ಜರ್ಮನ್ ಹೆಸರಿನ ಕೋಸಿನ ಉಪ್ಪಿನಕಾಯಿಗೂ ಹೆಸರು ಬದಲಾಯಿಸಿ 'ಸ್ವಾತಂತ್ರ್ಯದ ಕೋಸು' ಅಂದರು. ಕೇಳಿದರೆ ನಗು ಬರುತ್ತೆ. ಆದರೆ 1918ರ ಏಪ್ರಿಲಿನಲ್ಲಿ ಇಲಿನಾಯ್ ರಾಜ್ಯದಲ್ಲಿ ರಾಬರ್ಟ್ ಪ್ರೇಗರ್ ಅನ್ನೋ ಜರ್ಮನಿಯಿಂದ ಬಂದ ಕೂಲಿಯವನನ್ನು ಗುಂಪು ಹಿಡಿದು ಮರಕ್ಕೆ ನೇತು ಹಾಕಿ ಕೊಂದಿತು. ಆಪಾದಿತರೆಲ್ಲ ಬಿಡುಗಡೆಯಾದರು. ಪೋಸ್ಟರು ಬರೆದವನು ಯಾರನ್ನೂ ಕೊಲ್ಲಿ ಅಂದಿರಲಿಲ್ಲ. ಅದು ಅವನ ಕೆಲಸವೂ ಅಲ್ಲ. ಅವನು ಗೊರಿಲ್ಲಾ ಬರೆದು ಮನೆಗೆ ಹೋದ.

ಈಗ ನಮ್ಮ ಕತೆಗೆ ಬರೋಣ. ಅಮೆರಿಕದ ಕಪ್ಪು ಜನರ ಕತೆ ನಮ್ಮದೇ ಕತೆ ಅಂತ ನಾವು ಮೊದಲಿಂದಲೂ ತಿಳಿದಿದ್ದೇವೆ. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅವರು ಅಲ್ಲಿಂದ ಹೊರಟ ಮಾರನೇ ವರ್ಷ ಈ ಯುದ್ಧದ ಪ್ರಚಾರ ಶುರುವಾಯಿತು.

ಪ್ರಜಾಪ್ರಭುತ್ವ ಉಳಿಸೋ ಯುದ್ಧಕ್ಕೆ ಕಪ್ಪು ಜನರೂ ಬೇಕಾಗಿತ್ತು. 3,50,000ಕ್ಕೂ ಹೆಚ್ಚು ಕಪ್ಪು ಯುವಕರು ಸೈನ್ಯದಲ್ಲಿದ್ದರು. ಬೇರೆ ಪಡೆ, ಬೇರೆ ಬ್ಯಾರಕ್ಕು. ಫ್ರಾನ್ಸಿಗೆ ಹೋದ ಸುಮಾರು 2 ಲಕ್ಷ ಜನರಲ್ಲಿ ಬಂದೂಕು ಹಿಡಿದು ಕಾದಾಡಿದವರು ಸುಮಾರು 40,000. ಉಳಿದವರು ಹಡಗಿಂದ ಮೂಟೆ ಇಳಿಸಿದರು, ರಸ್ತೆ ಮಾಡಿದರು, ಸತ್ತ ಸೈನಿಕರ ಹೆಣ ಹೂತರು. ಹೆಣ ಹೂಳೋ ಕೆಲಸ ಯಾರ ಪಾಲಿಗೆ ಬರುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ 1918ರಲ್ಲಿ ಚಿಕಾಗೊದ ಒಬ್ಬ ಖಾಸಗಿ ಮುದ್ರಕ ತಂದ ಪೋಸ್ಟರ್ ನೋಡಿದರೆ, ಕಪ್ಪು ವೀರರು ಜರ್ಮನರ ಮೇಲೆ ನುಗ್ಗುತ್ತಿದ್ದಾರೆ, ಮೇಲೆ ಲಿಂಕನ್ ಮುಖ ಹರಸುತ್ತಾ ಇದೆ. ಚಿತ್ರದಲ್ಲಿ ಬಂದೂಕು, ನಿಜದಲ್ಲಿ ಸಲಿಕೆ.

ಇದೇ ಹೊತ್ತಿಗೆ ಊರಲ್ಲಿ ಏನು ನಡೀತಿತ್ತು? 1917ರ ಜುಲೈನಲ್ಲಿ ಈಸ್ಟ್ ಸೇಂಟ್ ಲೂಯಿಸ್ ಊರಲ್ಲಿ ಕಪ್ಪು ಜನರ ಮನೆಗಳನ್ನು ಸುಟ್ಟು ಹತ್ತಾರು ಮಂದಿಯನ್ನು ಕೊಂದರು. ಜುಲೈ 28ರಂದು ನ್ಯೂಯಾರ್ಕಿನಲ್ಲಿ ಸುಮಾರು 10,000 ಕಪ್ಪು ಜನ ಮೆರವಣಿಗೆ ಹೊರಟರು. ಒಂದು ಕೂಗಿಲ್ಲ, ಘೋಷಣೆ ಇಲ್ಲ. ಹೆಂಗಸರು ಮಕ್ಕಳು ಬಿಳಿ ಬಟ್ಟೆಯಲ್ಲಿ. ಶಬ್ದ ಅಂದರೆ ಬಟ್ಟೆ ಸುತ್ತಿ ಬಡಿದ ಡ್ರಮ್ಮಿನದು ಮಾತ್ರ. ಕೈಯಲ್ಲಿ ಹಿಡಿದ ಬರಹದಲ್ಲಿ ಅಧ್ಯಕ್ಷನಿಗೆ ಪ್ರಶ್ನೆ: ಪ್ರಪಂಚಕ್ಕೆ ಪ್ರಜಾಪ್ರಭುತ್ವ ಕೊಡೋಕೆ ಹೊರಟಿದ್ದೀರಲ್ಲ, ಮೊದಲು ಅಮೆರಿಕಕ್ಕೆ ಕೊಡಬಾರದಾ? ಇದನ್ನು ನೆನಪಿಡಿ. ಅವತ್ತು ಡ್ರಮ್ಮೂ ಅವರದೇ, ಮಾತೂ ಅವರದೇ.

ಸರ್ಕಾರಕ್ಕೆ ಇದು ತಲೆನೋವಾಯಿತು. ಕಪ್ಪು ಜನ ಕ್ರೀಲನ ಬಿಳಿ ಭಾಷಣಕಾರನ ಮಾತು ಕೇಳೋದಿಲ್ಲ. ಅವರು ಕೇಳೋದು ತಮ್ಮ ಪತ್ರಿಕೆಗಳ ಮಾತು. ಹಾಗಾದರೆ ಆ ಪತ್ರಿಕೆಗಳನ್ನೇ ಕರೆಯಿರಿ! 1918ರ ಜೂನಿನಲ್ಲಿ ಕಪ್ಪು ಪತ್ರಿಕೆಗಳ ಸಂಪಾದಕರನ್ನು ವಾಷಿಂಗ್ಟನ್ನಿಗೆ ಕರೆಸಿದರು. ಗೌರವದಿಂದ ಕೂರಿಸಿ ಮಾತಾಡಿದರು. ಸಂಪಾದಕರೇನೂ ದಡ್ಡರಲ್ಲ. ನಮ್ಮ ಜನರನ್ನು ಗುಂಪು ಕಟ್ಟಿ ಕೊಲ್ಲುವುದನ್ನು ಮೊದಲು ನಿಲ್ಲಿಸಿ ಅಂತ ಕೇಳಿದರು. ಜುಲೈನಲ್ಲಿ ವಿಲ್ಸನ್ ಗುಂಪು ಹತ್ಯೆಯನ್ನು ಖಂಡಿಸಿ ಒಂದು ಹೇಳಿಕೆ ಕೊಟ್ಟ. ಹೇಳಿಕೆ ಕೊಟ್ಟ, ಕಾಯಿದೆ ಕೊಡಲಿಲ್ಲ. ಗುಂಪು ಹತ್ಯೆಯನ್ನೇ ಹೆಸರಿಸಿ ಕೇಂದ್ರ ಅಪರಾಧ ಅಂತ ಸಾರುವ ಕಾಯಿದೆ ಅಮೆರಿಕದಲ್ಲಿ ಬಂದಿದ್ದು ಯಾವಾಗ ಗೊತ್ತಾ? 2022ರಲ್ಲಿ. ನಡುವೆ ನೂರಾನಾಲ್ಕು ವರ್ಷ.

ಈಗ ಒಂದು ಕಹಿ ಮಾತು. ಕಪ್ಪು ಜನರ ದೊಡ್ಡ ವಿದ್ವಾಂಸ, ದೊಡ್ಡ ಹೋರಾಟಗಾರ ಡಬ್ಲ್ಯು.ಇ.ಬಿ. ಡು ಬಾಯ್ಸ್ 'ದಿ ಕ್ರೈಸಿಸ್' ಪತ್ರಿಕೆಯ ಸಂಪಾದಕರು. 1918ರ ಜುಲೈ ಸಂಚಿಕೆಯಲ್ಲಿ ಅವರು ಬರೆದರು: ಯುದ್ಧ ಮುಗಿಯೋವರೆಗೆ ನಮ್ಮ ನೋವುಗಳನ್ನು ಬದಿಗಿಟ್ಟು ಬಿಳಿಯರ ಜೊತೆ ಭುಜಕ್ಕೆ ಭುಜ ಕೊಟ್ಟು ನಿಲ್ಲೋಣ ಅಂತ. ಅದೇ ಹೊತ್ತಿನಲ್ಲಿ ಅವರಿಗೆ ಸೈನ್ಯದ ಗುಪ್ತಚರ ವಿಭಾಗದಲ್ಲಿ ಕ್ಯಾಪ್ಟನ್ ಹುದ್ದೆ ಕೊಡುವ ಮಾತು ನಡೀತಿತ್ತು. ಹುದ್ದೆ ಕೊನೆಗೆ ಸಿಗಲೂ ಇಲ್ಲ. ಅವರ ಜನರೇ ಅವರನ್ನು ತರಾಟೆಗೆ ತಗೊಂಡರು. ಡು ಬಾಯ್ಸ್‌ರನ್ನು ಸಣ್ಣವರು ಮಾಡೋಕೆ ನಾನಿದನ್ನು ಹೇಳ್ತಿಲ್ಲ. ಅಂಥವರ ಕೈಗೂ ಒಂದು ಸಾರಿ ಜಗಲಿಯ ತಮಟೆ ಬಂತು. ನಾವು ಯಾವ ಲೆಕ್ಕ?

ಡು ಬಾಯ್ಸ್ ದೊಡ್ಡವರಾದದ್ದು ಆಮೇಲೆ ಮಾಡಿದ್ದರಿಂದ. ಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಹೋಗಿ ಕಪ್ಪು ಸೈನಿಕರನ್ನೇ ಮಾತಾಡಿಸಿದರು. ಸಲಿಕೆಯ ಕತೆ ಕೇಳಿದರು. ವಾಪಸ್ಸು ಬಂದು 1919ರ ಮೇ ಸಂಚಿಕೆಯಲ್ಲಿ, ಯುದ್ಧದಿಂದ ಮರಳಿದ ನಾವು ಈಗ ಮನೆಯೊಳಗಿನ ಅನ್ಯಾಯದ ವಿರುದ್ಧ ಹೋರಾಡ್ತೀವಿ ಅಂತ ಬರೆದರು. ಅಂಚೆ ಇಲಾಖೆ ಆ ಸಂಚಿಕೆಯನ್ನು ತಡೆದು ನಿಲ್ಲಿಸಿ ಆಮೇಲೆ ಬಿಟ್ಟಿತು. ಹಿಂದಿನ ವರ್ಷ ಕರೆದು ಕೂರಿಸಿದ್ದ ಸರ್ಕಾರವೇ ಇದು.

ಆ ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ಕಪ್ಪು ಜನರ ಮೇಲೆ ದಾಳಿ ನಡೀತು. ಚಿಕಾಗೊದಲ್ಲಿ ಜುಲೈ 27ರಂದು ಒಬ್ಬ ಕಪ್ಪು ಹುಡುಗ ಸರೋವರದಲ್ಲಿ ತೇಲ್ತಾ ತೇಲ್ತಾ ಬಿಳಿಯರ ದಡದ ಕಡೆ ಹೋದ. ನೀರಿನ ಮೇಲೆ ಗೆರೆ ಇರಲಿಲ್ಲ. ಇತ್ತು ಅಂತ ಬಿಳಿಯರು ತಿಳಿದಿದ್ದರು. ಕಲ್ಲು ಬಿತ್ತು, ಹುಡುಗ ಮುಳುಗಿ ಸತ್ತ. ಅಲ್ಲಿಂದ ಹತ್ತಿದ ಗಲಭೆಯಲ್ಲಿ 38 ಜನ ಸತ್ತರು. ಅದಾಗಿ ಎಂಟು ವರ್ಷಕ್ಕೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ನೀರಿನ ಮೇಲಿನ ಗೆರೆ ಎಲ್ಲಿಯದಾದರೂ ಒಂದೇ. 1946ರಲ್ಲಿ, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಬಗ್ಗೆ ಕೇಳಿ ಬಾಬಾಸಾಹೇಬರು ಇದೇ ಡು ಬಾಯ್ಸ್‌ರಿಗೆ ಪತ್ರ ಬರೆದರು. ಡು ಬಾಯ್ಸ್ ಉತ್ತರವನ್ನೂ ಬರೆದರು.

ಕ್ರೀಲ್ ಏನಾದ? 1920ರಲ್ಲಿ ತನ್ನ ಸಮಿತಿಯ ಬಗ್ಗೆ ಹೆಮ್ಮೆಯಿಂದ ಒಂದು ಪುಸ್ತಕ ಬರೆದ. ಅದರ ಹೆಸರಲ್ಲೇ ಜಾಹೀರಾತು ಅನ್ನೋ ಮಾತಿದೆ. ಅವನ ಸಮಿತಿಯಲ್ಲಿ ಕೆಲಸ ಮಾಡಿದ್ದ ಎಡ್ವರ್ಡ್ ಬರ್ನೇಸ್ ಅನ್ನೋನು, ಯುದ್ಧದಲ್ಲಿ ನಡೆದದ್ದು ಶಾಂತಿಯಲ್ಲೂ ನಡೆಯುತ್ತೆ ಅಂತ ಕಂಡುಕೊಂಡ. 1928ರಲ್ಲಿ 'ಪ್ರೊಪಗಾಂಡ' ಅನ್ನೋ ಪುಸ್ತಕ ಬರೆದ. ಸಿಗರೇಟು ಮಾರೋಕೂ, ಸರ್ಕಾರ ಮಾರೋಕೂ ಅದೇ ವಿದ್ಯೆ. ನಾಜಿಗಳ ಪ್ರಚಾರ ಮಂತ್ರಿ ಗೊಬೆಲ್ಸ್ ತನ್ನದೊಂದು ಪುಸ್ತಕ ಬಳಸ್ತಾ ಇದ್ದ ಅಂತ ತನಗೆ ಗೊತ್ತಾಯಿತು ಅಂತ ಬರ್ನೇಸೇ ಆಮೇಲೆ ಬರೆದುಕೊಂಡಿದ್ದಾನೆ.

ವಿದ್ಯೆ ಹಳೆಯದಾಗಿಲ್ಲ. 1990ರ ಅಕ್ಟೋಬರ್ 10ರಂದು ಹದಿನೈದು ವರ್ಷದ ಒಂದು ಹುಡುಗಿ ಅಮೆರಿಕದ ಸಂಸದರ ಮುಂದೆ ಕಣ್ಣೀರಿಟ್ಟು ಹೇಳಿದಳು: ಕುವೈತಿನ ಆಸ್ಪತ್ರೆಯಲ್ಲಿ ಇರಾಕಿ ಸೈನಿಕರು ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲಕ್ಕೆ ಹಾಕಿದರು ಅಂತ. ಅಧ್ಯಕ್ಷ ಬುಷ್ ಆ ಕತೆಯನ್ನು ಮತ್ತೆಮತ್ತೆ ಹೇಳಿದ. 1991ರ ಜನವರಿಯಲ್ಲಿ ಯುದ್ಧ ಆಯಿತು. 1992ರಲ್ಲಿ ಹೊರಗೆ ಬಂತು: ಆ ಹುಡುಗಿ ಕುವೈತ್ ರಾಯಭಾರಿಯ ಮಗಳು. ಅವಳ ಮಾತಿನ ಹಿಂದೆ ದುಡ್ಡು ತಗೊಂಡ ಒಂದು ಪ್ರಚಾರ ಕಂಪನಿ ಇತ್ತು. ಅವಳು ಹೇಳಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಇರಾಕಿ ಸೈನ್ಯ ಕುವೈತಿನಲ್ಲಿ ಕ್ರೌರ್ಯ ಮಾಡಿದ್ದು ನಿಜ. ಆದರೆ ಯುದ್ಧಕ್ಕೆ ಆ ನಿಜ ಸಾಲದಾಗಿತ್ತು, ಒಂದು ಮಗುವಿನ ಬಾಯಿ ಬೇಕಾಗಿತ್ತು.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ನಾನು ಸಾಕ್ಷಿ ಹೇಳಬೇಕಾಗಿದೆ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ದೆಹಲಿಯ ಪತ್ರಿಕೆಗಳಿಗೆ ಆ ರಾತ್ರಿ ಕರೆಂಟು ಹೋಯಿತು. ಆಮೇಲೆ ಸುದ್ದಿ ಅಚ್ಚಾಗೋಕೆ ಮುಂಚೆ ಸೆನ್ಸಾರಿನ ಒಪ್ಪಿಗೆ ಬೇಕಾಯಿತು. ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ 1976ರಲ್ಲಿ 'ಸಮಾಚಾರ್' ಅಂತ ಒಂದೇ ಮಾಡಿದರು. ದೇಶಕ್ಕೆಲ್ಲ ಒಂದೇ ಬಾಯಿ. ಕ್ರೀಲ್ ಬಾಯಿ ತುಂಬಿಸಿದ್ದ. ಇವರು ಕಟ್ಟಿಯೂ ಹಾಕಿದರು, ತುಂಬಿಸಿಯೂ ಹಾಕಿದರು. 1975ರ ಜುಲೈ 1ರಂದು ಇಪ್ಪತ್ತು ಅಂಶದ ಕಾರ್ಯಕ್ರಮ ಬಂತು. ಅದರಲ್ಲಿ ಜೀತ ವಿಮುಕ್ತಿ ಇತ್ತು, ಭೂಮಿ ಇತ್ತು, ನಿವೇಶನ ಇತ್ತು, ಹಾಸ್ಟೆಲ್ ಹುಡುಗರಿಗೆ ಕಡಿಮೆ ಬೆಲೆಗೆ ದಿನಸಿ ಇತ್ತು. ಅಂದರೆ ಅದರ ತುಂಬಾ ನಾವೇ ಇದ್ದೆವು.

ಆಗ ನಾನು ನಿಮ್ಮ ಹಾಗೇ ಒಂದು ಹಾಸ್ಟೆಲಿನಲ್ಲಿದ್ದೆ. 1976ರ ಚಳಿಗಾಲ. ಒಂದು ಬೆಳಿಗ್ಗೆ ಜೀಪು ಬಂತು. ಹೊಸ ಕಂಬಳಿಗಳ ಕಟ್ಟು ಇಳಿಸಿದರು. ನಮ್ಮಲ್ಲಿ ಹತ್ತು ಹುಡುಗರನ್ನು ಆರಿಸಿ, ತಲೆ ಬಾಚಿಸಿ, ಕಂಬಳಿ ಹೊದಿಸಿ, ಸಾಲಾಗಿ ನಿಲ್ಲಿಸಿದರು. ನಗ್ರೋ ಅಂದರು. ನಕ್ಕೆವು. ಫೋಟೊ ತೆಗೆದರು. ಕಂಬಳಿ ಮಡಿಸಿ ಎಣಿಸಿಕೊಂಡು ಜೀಪಿಗೆ ಹಾಕಿದರು. ಇನ್ನೊಂದು ಹಾಸ್ಟೆಲಿಗೆ ಹೋಗಬೇಕು ಅಂದರು. ಆ ಫೋಟೊ ಒಂದು ಬಣ್ಣದ ಪುಸ್ತಿಕೆಯಲ್ಲಿ ಅಚ್ಚಾಯಿತು. ನಮ್ಮಪ್ಪ ಅದನ್ನು ಸಂತೆಯಲ್ಲಿ ಯಾರೋ ತೋರಿಸಿದಾಗ ನೋಡಿ, ಮಗ ಬೆಚ್ಚಗಿದ್ದಾನೆ ಅಂತ ಸಂತೋಷಪಟ್ಟ. ಊರಿಗೆ ಹೋದಾಗ ನಾನು ನಿಜ ಹೇಳಲಿಲ್ಲ. ಅವನ ಸಂತೋಷ ಯಾಕೆ ಕೆಡಿಸಲಿ ಅಂತ ಸುಮ್ಮನಾದೆ. ಕೇರಿಯಲ್ಲಿ ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದ: ಸರ್ಕಾರ ನಮ್ಮ ಹುಡುಗರಿಗೆ ಕಂಬಳಿ ಕೊಟ್ಟಿದೆ ಅಂತ. ಮೂರು ತಲೆಮಾರು ಗೆಳೆಯರೇ. ತಾತ ತಮಟೆ ಬಡಿದ, ಅಪ್ಪ ಬಾಯಲ್ಲಿ ಸಾರಿದ, ನಾನು ನಕ್ಕೆ. ಮೂವರೂ ಜಗಲಿಯ ಮಾತನ್ನೇ ಸಾರಿದೆವು.

ಹಾಗಂತ ಆ ಕಾಲದಲ್ಲಿ ಆದದ್ದೆಲ್ಲ ಸುಳ್ಳು ಅಂದರೆ ನಾನೂ ಸುಳ್ಳು ಹೇಳಿದ ಹಾಗೆ. 1976ರ ಜೀತಪದ್ಧತಿ ರದ್ದು ಕಾಯಿದೆ ನಿಜ. ಅದನ್ನು ಕೈಲಿ ಹಿಡಿದು ಹೊರಬಂದವರಿದ್ದಾರೆ. ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿದ್ದೂ ನಿಜ. 1977ರಲ್ಲಿ ದೇಶವೆಲ್ಲ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕದಲ್ಲಿ ಕಾಂಗ್ರೆಸ್ಸು 28ರಲ್ಲಿ 26 ಸ್ಥಾನ ಗೆದ್ದಿತು. ಆದರೆ ಜೀತದ ಕಾಯಿದೆ ಬಂತು ಅಂತ ಸಾರುವುದು ಒಂದು, ಜೀತವೇ ಹೋಯಿತು ಅಂತ ಸಾರುವುದು ಇನ್ನೊಂದು. ಮೊದಲನೇದು ಮಾಹಿತಿ. ಅದು ನಮಗೆ ಬೇಕು. ಎರಡನೇದು ಪ್ರಚಾರ. ಎರಡನೇದನ್ನು ನಂಬಿದರೆ, ಇನ್ನೂ ಜೀತದಲ್ಲಿರುವವನು ನಾನಿಲ್ಲಿದ್ದೀನಿ ಅಂತ ಕೂಗಿದರೂ ಯಾರಿಗೂ ಕೇಳಿಸೋದಿಲ್ಲ. ಪುಸ್ತಿಕೆಯಲ್ಲಿ ಅವನು ಆಗಲೇ ಬಿಡುಗಡೆಯಾಗಿದ್ದಾನೆ!

ಆ ಪೋಸ್ಟರುಗಳು ಗೋಡೆ ಮೇಲಿದ್ದಾಗಲೇ ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಬಡವರ ಮನೆ ಕೆಡವಿ ಗುಂಡು ಹಾರಿಸಿದರು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಬಡವರನ್ನು, ನಮ್ಮವರನ್ನು ಎಳೆದುಕೊಂಡು ಹೋಗಿ ಮಾಡಿದ್ದು ಅದರಲ್ಲಿ ಎಷ್ಟೋ. 'ಸಂಸ್ಕಾರ' ಚಿತ್ರದ ಚಂದ್ರಿ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಜೈಲಿನಲ್ಲಿಟ್ಟರು. ಕಾಯಿಲೆ ಹೆಚ್ಚಾದಾಗ ಬಿಟ್ಟರು. 1977ರ ಜನವರಿಯಲ್ಲಿ ತೀರಿಕೊಂಡರು. ರೇಡಿಯೊ ಇದು ಯಾವುದನ್ನೂ ಹೇಳಲಿಲ್ಲ.

ಈಗ ಕಾಲ ಬದಲಾಗಿದೆ ಅಂತೀರಿ. ಈಗ ಸೆನ್ಸಾರಿನ ಅಧಿಕಾರಿ ಪ್ರೆಸ್ಸಿಗೆ ಬಂದು ಕೂರೋದಿಲ್ಲ. ನಿಮ್ಮ ಜೇಬಲ್ಲೇ ಟಾಕೀಸಿದೆ. ನಾಲ್ಕು ನಿಮಿಷವೂ ಬೇಡ, ಅರ್ಧ ನಿಮಿಷ ಸಾಕು. ಕಳಿಸೋನು ಯಾರು? ನಿಮ್ಮ ಚಿಕ್ಕಪ್ಪ, ನಿಮ್ಮ ರೂಮ್‌ಮೇಟು. ಬಾಯಿ ಮತ್ತೆ ನಮ್ಮದೇ.

ಇನ್ನೊಂದು ಪದ ಗಮನಿಸಿ: ಫಲಾನುಭವಿ. ಯಾವ ಪಕ್ಷ ಆಳಿದರೂ ಫಲಾನುಭವಿಗಳ ಸಮಾವೇಶ ಮಾಡುತ್ತೆ. ಬಸ್ಸು ಮಾಡಿ ಕರೀತಾರೆ, ವೇದಿಕೆ ಮೇಲೆ ಒಬ್ಬಳು ತಾಯಿಯ ಕೈಲಿ ಮೈಕು ಕೊಡ್ತಾರೆ. ಏನು ಹೇಳಬೇಕು ಅಂತ ಮೊದಲೇ ಹೇಳಿಕೊಟ್ಟಿರ್ತಾರೆ. ಸಂವಿಧಾನದಲ್ಲಿ ಅವಳು ನಾಗರಿಕಳು. ವೇದಿಕೆ ಮೇಲೆ ಫಲಾನುಭವಿ. ನಾಗರಿಕಳಿಗೆ ಹಕ್ಕು ಇರುತ್ತೆ, ಫಲಾನುಭವಿಗೆ ಋಣ ಇರುತ್ತೆ. ನಮ್ಮ ತೆರಿಗೆಯ ದುಡ್ಡು ಒಬ್ಬರ ಫೋಟೊ ಅಂಟಿಸಿಕೊಂಡು ಪ್ರಸಾದದ ಹಾಗೆ ನಮಗೇ ಬರುತ್ತೆ. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೊ ಬೇಡ ಅಂತ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತ್ತು. ಸರ್ಕಾರಗಳು ಹೋಗಿ ಕೇಳಿಕೊಂಡವು. 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಫೋಟೊಗೂ ಒಪ್ಪಿಗೆ ಸಿಕ್ಕಿತು. ಫೋಟೊ ಬಗ್ಗೆ ಅವರಿಗೆ ಅಷ್ಟೊಂದು ಆಸೆ ಯಾಕೆ ಅಂತ ಯೋಚನೆ ಮಾಡಿ. ರಾಜಕೀಯದಲ್ಲಿ ಭಕ್ತಿ ಬಂದರೆ ಅದು ಸರ್ವಾಧಿಕಾರಕ್ಕೆ ದಾರಿ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ಹಾಗಾದರೆ ನಾವೇನು ಮಾಡಬೇಕು? ಎಲ್ಲವನ್ನೂ ಅನುಮಾನಿಸಿ ಮೂಲೆಯಲ್ಲಿ ಕೂರಬೇಕಾ? ಬೇಡ. ಏನನ್ನೂ ನಂಬದವನು ಎಲ್ಲವನ್ನೂ ನಂಬಿದವನಷ್ಟೇ ಆಳುವವರಿಗೆ ಅನುಕೂಲ. ಅವನು ಎದ್ದು ಬರೋದೇ ಇಲ್ಲ. ನಾಲ್ಕು ಪ್ರಶ್ನೆ ಕಲಿಯಿರಿ. ಒಂದು: ಸಾರುತ್ತಿರೋನು ಯಾರೇ ಇರಲಿ, ಮಾತು ಯಾರದು? ಎರಡು: ಬಡಿಯೋಕೆ ಕೂಲಿ ಕೊಟ್ಟೋರು ಯಾರು? ಮೂರು: ಚಿತ್ರದಲ್ಲಿರೋನಿಗೆ ಮಾತಾಡೋಕೆ ಬಿಟ್ಟರಾ? ನಾಲ್ಕು: ಬೇರೆ ಮಾತಾಡಿದವನು ಈಗ ಎಲ್ಲಿದ್ದಾನೆ?

ಆಮೇಲೆ ಎದ್ದು ಹೋಗಿ ನೋಡಿ. ಪೋಸ್ಟರು ಓದಿ ಸುಮ್ಮನಾಗಬೇಡಿ, ಆದೇಶ ಓದಿ. 2005ರಿಂದ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡಬೇಕು. 2013ರಿಂದ ನಮ್ಮ ರಾಜ್ಯದಲ್ಲಿ ಪರಿಶಿಷ್ಟರ ಉಪಯೋಜನೆಯ ಕಾಯಿದೆ ಇದೆ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಹಣ ನಮಗಾಗಿ ಖರ್ಚಾಗಬೇಕು. ನಿಮ್ಮ ಹಾಸ್ಟೆಲಿಗೆ ಎಷ್ಟು ಕಂಬಳಿ ಬಂತು ಅಂತ ಫೋಟೊದಲ್ಲಿ ಎಣಿಸಬೇಡಿ. ಸ್ಟಾಕ್ ರಿಜಿಸ್ಟರಿನಲ್ಲಿ ಎಣಿಸಿ, ಆಮೇಲೆ ರಾತ್ರಿ ಹುಡುಗರ ಮೈಮೇಲೆ ಎಣಿಸಿ. ಎರಡು ಲೆಕ್ಕ ತಾಳೆಯಾಗದಿದ್ದರೆ ಬರೆಯಿರಿ.

ಎಲ್ಲಿ ಬರೆಯೋದು? ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಅವರು ಅಳ್ತಾ ಕೂರಲಿಲ್ಲ. 'ಬಹಿಷ್ಕೃತ ಭಾರತ' ತಂದರು, 'ಜನತಾ' ತಂದರು, 'ಪ್ರಬುದ್ಧ ಭಾರತ' ತಂದರು. ಒಂದು ನಿಂತರೆ ಇನ್ನೊಂದು. ನಮ್ಮ ಈ ಸೈಕ್ಲೋಸ್ಟೈಲ್ ಹಾಳೆ ಕೈಗೆ ಮಸಿ ಹತ್ತುತ್ತೆ, ಅಕ್ಷರ ಅಲ್ಲಲ್ಲಿ ಅಳಿಸಿರುತ್ತೆ. ಆದರೆ ಇದರಲ್ಲಿರೋ ಮಾತು ಜಗಲಿಯಿಂದ ಬಂದದ್ದಲ್ಲ.

ಒಂದು ಎಚ್ಚರಿಕೆ ನಮಗೂ ಇರಲಿ. ನಾಳೆ ನಮ್ಮ ನಾಯಕರೇ ನಿಮ್ಮ ಕೈಗೆ ತಮಟೆ ಕೊಟ್ಟು ಬಡಿ ಅಂದರೆ, ಆಗಲೂ ಇದೇ ನಾಲ್ಕು ಪ್ರಶ್ನೆ ಕೇಳಿ. ನನ್ನನ್ನೂ ಕೇಳಿ.

ನಮ್ಮಪ್ಪ ತೀರಿಕೊಳ್ಳೋಕೆ ಸ್ವಲ್ಪ ದಿನ ಮುಂಚೆ ನಾನು ಕಂಬಳಿಯ ನಿಜ ಹೇಳಿದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು ಕೇಳಿದ: 'ಆವತ್ತು ರಾತ್ರಿ ಚಳಿ ಇತ್ತೇನೋ ಮಗ?' ಇತ್ತಪ್ಪ ಅಂದೆ. 'ಅವತ್ತೇ ಹೇಳಿದ್ದರೆ ಮನೇ ಕಂಬಳಿ ತಂದು ಕೊಡ್ತಿದ್ದೆನಲ್ಲೋ' ಅಂದ.

ನಿಮಗೆ ಚಳಿಯಾದರೆ ಚಳಿಯಾಗ್ತಿದೆ ಅಂತ ಹೇಳಿ. ಮನೆಗೆ ಹೇಳಿ, ಕೇರಿಗೆ ಹೇಳಿ, ಬರೆದು ಹೇಳಿ. ಅಲ್ಲಿಂದಲೇ ನಮ್ಮ ಮಾತು ಶುರುವಾಗೋದು.

ಜೈ ಭೀಮ್.